ಕನಿಷ್ಠ ವೇತನ: ಗದ್ದೆಯ ಬದುವಿನಿಂದ ಒಂದು ವಿಚಾರ

‘ಸರ್ಕಾರವು ಕನಿಷ್ಠ ವೇತನವನ್ನು ಹೆಚ್ಚಿಸಬೇಕು’ ಎಂಬುದು ನಮ್ಮ ಅರ್ಥಶಾಸ್ತ್ರ ತರಗತಿಯಲ್ಲಿ ನಡೆದ ಚರ್ಚೆಯ ವಿಷಯವಾಗಿತ್ತು. ಪರವಾಗಿ ಮಾತನಾಡಿದವರು ಬೆಲೆಯೇರಿಕೆಯನ್ನೂ, ವಿರೋಧವಾಗಿ ಮಾತನಾಡಿದವರು ನಿರುದ್ಯೋಗದ ಭಯವನ್ನೂ ಮುಂದಿಟ್ಟರು. ಆದರೆ ಎರಡೂ ಪಕ್ಷದವರ ದೃಷ್ಟಿ ಕಾರ್ಖಾನೆಯ ಮೇಲೆಯೇ ನೆಟ್ಟಿತ್ತು. ನನ್ನ ಊರು ಹದಿನಾರು. ನಂಜನಗೂಡಿಗೂ ತಿರುಮಕೂಡಲು ನರಸೀಪುರಕ್ಕೂ ನಡುವೆ ಇರುವ ಬತ್ತದ ಗದ್ದೆಗಳ ಊರು. ಯದುರಾಯರ ಐತಿಹ್ಯದಿಂದಾಗಿ ಮೈಸೂರು ಅರಸರ ಚರಿತ್ರೆಯಲ್ಲಿ ಇದರ ಹೆಸರುಂಟು. ಇಂಥ ಊರಿನ ಗದ್ದೆಯ ಬದುವಿನ ಮೇಲೆ ನಿಂತು ನೋಡಿದರೆ ಈ ಪ್ರಶ್ನೆ ಹೇಗೆ ಕಾಣುತ್ತದೆಂಬುದನ್ನು ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

ಕೂಲಿಗೆ ಕೆಳಮಿತಿಯೊಂದಿರಬೇಕೆಂಬ ವಿಚಾರ ಕಾನೂನಿನ ರೂಪ ತಾಳಿದ್ದು 1894ರಲ್ಲಿ, ನ್ಯೂಜಿಲೆಂಡಿನಲ್ಲಿ. ನಮ್ಮ ದೇಶದಲ್ಲಿ 1948ರ ಕನಿಷ್ಠ ವೇತನ ಕಾಯಿದೆ ಬಂದಿತು. ಅದರ ಅನುಸೂಚಿಯ ಎರಡನೆಯ ಭಾಗದಲ್ಲಿ ವ್ಯವಸಾಯವೂ ಸೇರಿತ್ತು. 2025ರ ನವೆಂಬರ್ 21ರಿಂದ ಆ ಕಾಯಿದೆಯ ಸ್ಥಾನಕ್ಕೆ 2019ರ ವೇತನ ಸಂಹಿತೆ ಬಂದಿದೆ. ವೇತನವನ್ನು ಯಾವ ಲೆಕ್ಕದಿಂದ ಗೊತ್ತುಮಾಡಬೇಕೆಂಬುದನ್ನು 1957ರ ಭಾರತೀಯ ಕಾರ್ಮಿಕ ಸಮ್ಮೇಳನ ತಿಳಿಸಿತು. ಒಂದು ಸಂಸಾರವೆಂದರೆ ಮೂರು ಬಳಕೆಯ ಘಟಕ; ಘಟಕವೊಂದಕ್ಕೆ ದಿನಕ್ಕೆ 2,700 ಕ್ಯಾಲೊರಿ ಆಹಾರ; ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ; ಇದರ ಮೇಲೆ ಮನೆ ಬಾಡಿಗೆ; ಸೌದೆ, ದೀಪ ಮೊದಲಾದವುಗಳಿಗೆ ಒಟ್ಟು ವೇತನದಲ್ಲಿ ನೂರಕ್ಕೆ 20 ಭಾಗ. ಮಕ್ಕಳ ವಿದ್ಯೆ, ವೈದ್ಯ, ಮದುವೆ, ಮುಪ್ಪು ಇವುಗಳಿಗಾಗಿ ನೂರಕ್ಕೆ 25 ಭಾಗವನ್ನು ಸರ್ವೋಚ್ಚ ನ್ಯಾಯಾಲಯ 1991ರಲ್ಲಿ ಕೂಡಿಸಿತು.

ವೇತನ ಏರಿದರೆ ಕೆಲಸ ಇಳಿಯುವುದೆಂಬ ವಾದವನ್ನು ಪರೀಕ್ಷಿಸಿದವರೂ ಉಂಟು. ಅಮೆರಿಕದ ನ್ಯೂಜೆರ್ಸಿ ರಾಜ್ಯ 1992ರಲ್ಲಿ ಗಂಟೆಯ ಕೂಲಿಯನ್ನು 4.25 ಡಾಲರಿನಿಂದ 5.05 ಡಾಲರಿಗೆ ಏರಿಸಿತು. ನೆರೆಯ ಪೆನ್ಸಿಲ್ವೇನಿಯದೊಡನೆ ಹೋಲಿಸಿ ನೋಡಿದ ಕಾರ್ಡ್ ಮತ್ತು ಕ್ರೂಗರ್ ಎಂಬ ಅರ್ಥಶಾಸ್ತ್ರಜ್ಞರಿಗೆ, ಅಲ್ಲಿನ ಉಪಾಹಾರ ಮಂದಿರಗಳಲ್ಲಿ ಕೆಲಸ ಕಡಮೆಯಾದುದು ಕಾಣಲಿಲ್ಲ. ಆದರೆ ಊಟದ ಬೆಲೆಯನ್ನು ನಾಲ್ಕು ಕಾಸು ಏರಿಸುವುದು ಅಂಗಡಿಯವನ ಕೈಯಲ್ಲಿದೆ. ಬತ್ತದ ಬೆಲೆ ಬೆಳೆದವನ ಕೈಯಲ್ಲಿಲ್ಲ.

2025ರ ಏಪ್ರಿಲ್‌ನಲ್ಲಿ ಕರ್ನಾಟಕ ಸರ್ಕಾರ 81 ಉದ್ಯೋಗಗಳಿಗೆ ಸಂಬಂಧಿಸಿದ ಕರಡನ್ನು ಪ್ರಕಟಿಸಿತು. ಅದರ ಮೂರನೆಯ ವಲಯದಲ್ಲಿ ಅಕುಶಲ ಕೆಲಸಗಾರನಿಗೆ ಸೂಚಿಸಿದ್ದ ವೇತನ ತಿಂಗಳಿಗೆ ಸುಮಾರು 19,319 ರೂಪಾಯಿ. 26 ದಿನಗಳಿಗೆ ಭಾಗಿಸಿದರೆ ದಿನಕ್ಕೆ 743 ರೂಪಾಯಿ. ಅದೇ 2025-26ನೆಯ ಸಾಲಿನಲ್ಲಿ ಗ್ರಾಮೀಣ ಉದ್ಯೋಗ ಖಾತರಿಯಡಿ ಕರ್ನಾಟಕಕ್ಕೆ ಕೇಂದ್ರ ಸರ್ಕಾರ ಗೊತ್ತುಮಾಡಿದ ದಿನಗೂಲಿ 370 ರೂಪಾಯಿ. ಒಂದು ಸರ್ಕಾರ ಬದುಕಲು ಬೇಕೆಂದು ಲೆಕ್ಕಹಾಕಿದ ಮೊತ್ತದ ಅರ್ಧವನ್ನೂ ಮತ್ತೊಂದು ಸರ್ಕಾರ ಕೊಡಲಿಲ್ಲವೆಂದಾಯಿತು. ಖಾತರಿ ಕೆಲಸಕ್ಕೂ ಕನಿಷ್ಠ ವೇತನಕ್ಕಿಂತ ಕಡಮೆ ಕೊಡಕೂಡದೆಂದು ಕರ್ನಾಟಕ ಉಚ್ಚ ನ್ಯಾಯಾಲಯ 2011ರಲ್ಲಿಯೇ ಹೇಳಿತ್ತು. ಕನಿಷ್ಠಕ್ಕಿಂತ ಕಡಮೆ ಕೂಲಿಗೆ ದುಡಿಸುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಎಂದು ಸರ್ವೋಚ್ಚ ನ್ಯಾಯಾಲಯ 1982ರಷ್ಟು ಹಿಂದೆಯೇ ತೀರ್ಪಿತ್ತಿತ್ತು.

ಇನ್ನು ನಮ್ಮ ಗದ್ದೆಗೆ ಬರೋಣ. ಕೂಲಿ ಕೊಡುವವನು ಇಲ್ಲಿ ಎಷ್ಟೋ ವೇಳೆ ಒಂದೆರಡು ಎಕರೆಯ ಒಕ್ಕಲಿಗ. ತನ್ನ ಗದ್ದೆಯ ಕೆಲಸ ಮುಗಿದ ಮೇಲೆ ಅವನ ಮನೆಯವರೂ ಬೇರೆಯವರ ಗದ್ದೆಗೆ ಆಳಾಗಿ ಹೋಗುವುದುಂಟು. 2025-26ರಲ್ಲಿ ಸಾಧಾರಣ ಬತ್ತದ ಬೆಂಬಲ ಬೆಲೆ ಕ್ವಿಂಟಲಿಗೆ 2,369 ರೂಪಾಯಿ. ದಿನಗೂಲಿ 370 ಆದರೆ ಒಂದು ಕ್ವಿಂಟಲ್ ಬತ್ತದಿಂದ ಆರು ಆಳುಗಳಿಗೆ ಕೂಲಿ ಕೊಡಬಹುದು. 743ರ ಮಟ್ಟಕ್ಕೆ ಏರಿದರೆ ಮೂರು ಆಳುಗಳಿಗೆ ಮಾತ್ರ. ಖರೀದಿ ಕೇಂದ್ರ ತೆರೆಯುವ ಮೊದಲೇ ಸಾಲದ ಒತ್ತಡದಿಂದ ಮಾರಿಕೊಂಡವನಿಗೆ ಆ ಬೆಲೆಯೂ ಸಿಕ್ಕುವುದಿಲ್ಲ. ಕೊಡುವ ಶಕ್ತಿಯಿಲ್ಲವೆಂಬುದು ಕನಿಷ್ಠ ವೇತನದ ವಿಷಯದಲ್ಲಿ ಸಬೂಬಾಗಲಾರದೆಂದು 1961ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಆ ಮಾತು ನ್ಯಾಯವೇ ಸರಿ. ಆದರೂ ಶಕ್ತಿಯಿಲ್ಲದ ರೈತ ಆಳು ಕರೆಯುವುದನ್ನು ಬಿಟ್ಟು ಕುಯ್ಲಿನ ಯಂತ್ರವನ್ನು ಕರೆಯುತ್ತಾನೆ. ವಿರೋಧ ಪಕ್ಷದ ಗೆಳೆಯರ ಭಯ ಕಾರ್ಖಾನೆಗಿಂತ ಗದ್ದೆಗೆ ಹೆಚ್ಚು ಒಪ್ಪುತ್ತದೆ.

ಇದಕ್ಕಿಂತ ಮುಖ್ಯವಾದುದು ಹೆಣ್ಣಾಳಿನ ವಿಷಯ. ನಮ್ಮ ಕಡೆ ನಾಟಿ ಹಾಕುವವರೂ ಕಳೆ ಕೀಳುವವರೂ ಹೆಂಗಸರೇ. ಇಡೀ ದಿನ ಕೆಸರಿನಲ್ಲಿ ಬಗ್ಗಿ ದುಡಿದರೂ ಅವರ ಕೂಲಿ ಗಂಡಾಳಿನ ಕೂಲಿಗಿಂತ ಕಡಮೆ. ಸಮಾನ ಕೆಲಸಕ್ಕೆ ಸಮಾನ ವೇತನವೆಂಬ ಕಾಯಿದೆ ಬಂದದ್ದು 1976ರಲ್ಲಿ. ‘ಇದು ಹೆಂಗಸರ ಕೆಲಸ, ಅದು ಗಂಡಸರ ಕೆಲಸ’ ಎಂದು ಬೇರ್ಪಡಿಸಿಬಿಟ್ಟರೆ ಸಮಾನತೆಯ ಪ್ರಶ್ನೆಯೇ ಏಳುವುದಿಲ್ಲ! 1957ರ ಲೆಕ್ಕದಲ್ಲೂ ಗಂಡ ಒಂದು ಘಟಕ, ಹೆಂಡತಿ 0.8, ಇಬ್ಬರು ಮಕ್ಕಳು ತಲಾ 0.6; ಹೆಂಡತಿಯ ಸಂಪಾದನೆಯನ್ನು ಆ ಲೆಕ್ಕ ಹಿಡಿಯುವುದಿಲ್ಲ. ಗಂಡನ ದುಡಿಮೆಯೇ ಇಲ್ಲದ ಮನೆಗಳೂ ಊರಿನಲ್ಲಿವೆ. ಅಲ್ಲಿ ಹೆಣ್ಣಾಳಿನ ಕೂಲಿಯೇ ಇಡೀ ಸಂಸಾರದ ಕೂಲಿ.

ಹಾಗಾದರೆ ವೇತನವನ್ನು ಏರಿಸಬೇಕೆ, ಬೇಡವೆ? ಏರಿಸಬೇಕೆಂಬುದೇ ನನ್ನ ಮತ. ಆದರೆ ಕೊಡುವವನ ಶಕ್ತಿಯನ್ನೂ ಸರ್ಕಾರವೇ ಏರಿಸಬೇಕಾಗುತ್ತದೆ. ಕೂಲಿ ಏರಿದ ವರ್ಷವೇ ಬತ್ತದ ಬೆಂಬಲ ಬೆಲೆಯಲ್ಲಿ ಆ ಏರಿಕೆ ಕಾಣಬೇಕು. ಕುಯ್ಲಿಗೆ ಮೊದಲೇ ಖರೀದಿ ಕೇಂದ್ರ ತೆರೆಯಬೇಕು. ಸರ್ಕಾರ ತಾನು ಮಾಡಿಸುವ ಕೆಲಸಕ್ಕೆ ತಾನೇ ಗೊತ್ತುಮಾಡಿದ ಕನಿಷ್ಠವನ್ನು ಮೊದಲು ಕೊಡಬೇಕು. ನಾಟಿಯ ಕೂಲಿಯನ್ನು ಗಂಡಾಳಿನ ಕೂಲಿಗೆ ಸಮನಾಗಿ ಕಟ್ಟಬೇಕು. ಇವಿಷ್ಟೂ ಆಗದೆ ಅಂಕಿಯನ್ನು ಮಾತ್ರ ಏರಿಸಿದರೆ ನಗರದಲ್ಲಿ ಕೆಲವರಿಗೆ ಲಾಭವಾದೀತು. ನಮ್ಮ ಬಯಲಿನಲ್ಲಿ ಬಡ ರೈತನೂ ಬಡ ಆಳೂ ಪರಸ್ಪರ ಎದುರಾಳಿಗಳಾಗಿ ನಿಲ್ಲಬೇಕಾದೀತು. ಮುಂದಿನ ಚರ್ಚಾಕೂಟದಲ್ಲಿ ಗೆಳೆಯರು ಈ ಅಂಶಗಳನ್ನೂ ಎತ್ತಿಕೊಳ್ಳಬೇಕೆಂದು ನನ್ನ ಕೋರಿಕೆ.