ಬಿಲ್ಲಿಗೆ ತಕ್ಕ ಬಾಣ

ಗುರಿ ತಪ್ಪಿದಾಗ ನಾವು ಯಾರನ್ನು ದೂರುತ್ತೇವೆ? ಬಿಲ್ಲು ಹಿಡಿದವನನ್ನು. ಅವನ ಕಣ್ಣು ಸಾಲದು, ಕೈ ನಡುಗಿತು, ಮನಸ್ಸು ಎಲ್ಲಿಯೋ ಇತ್ತು ಎನ್ನುತ್ತೇವೆ. ಬಾಣವನ್ನು ದೂರುವವರು ವಿರಳ. ನಾನೂ ಈ ತಪ್ಪನ್ನು ಮಾಡಿದವನೇ. ಅದರಿಂದ ಕಲಿತುದನ್ನು ನಿಮ್ಮ ಮುಂದೆಯೂ ನಿಮ್ಮ ತಾಯಿತಂದೆಗಳ ಮುಂದೆಯೂ ಇಡುವುದು ಈ ಲೇಖನದ ಉದ್ದೇಶ.

ನಮ್ಮ ಶಾಲೆಗೆ ದಾನಿಗಳೊಬ್ಬರು ಹಳೆಯ ಮಾದರಿಯ ಒಂದು ಬಿಲ್ಲನ್ನೂ ಹನ್ನೆರಡು ಮರದ ಬಾಣಗಳನ್ನೂ ಕೊಟ್ಟಿದ್ದರು. ಒಂಬತ್ತನೆಯ ತರಗತಿಯ ಒಬ್ಬ ಹುಡುಗನು ಅದರಲ್ಲಿ ಬಹಳ ಆಸಕ್ತಿ ವಹಿಸಿದನು. ಆದರೆ ಅವನ ಬಾಣಗಳೆಲ್ಲ ಗುರಿಯ ಎಡಕ್ಕೆ ಹೋಗಿ ನಾಟುತ್ತಿದ್ದವು. “ನಿನಗೆ ಗಮನವಿಲ್ಲ” ಎಂದು ನಾನು ಒಂದು ತಿಂಗಳ ಕಾಲ ಎಲ್ಲರೆದುರು ಗದರಿದೆ. ಕೊನೆಗೊಂದು ದಿನ ಅವನು ಅಂಜುತ್ತಲೇ ಕೇಳಿದನು: “ಮಾಸ್ಟ್ರೇ, ನನಗೆ ಗಮನವಿಲ್ಲದಿದ್ದರೆ ಬಾಣ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೋಗಬೇಕಲ್ಲವೇ? ಯಾವಾಗಲೂ ಎಡಕ್ಕೇ ಯಾಕೆ ಹೋಗುತ್ತದೆ?”

ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರವನ್ನು ಹುಡುಕಬೇಕಾಯಿತು.

ಮರುಬಾಗಿನ ಬಿಲ್ಲು

ಈ ಬಗೆಯ ಬಿಲ್ಲಿನ ಎರಡು ತುದಿಗಳೂ ಬಿಲ್ಲುಗಾರನಿಂದ ಆಚೆಗೆ, ಗುರಿಯ ಕಡೆಗೆ ಬಾಗಿರುತ್ತವೆ. ತುರ್ಕರೂ ಮಂಗೋಲರೂ ಕೊರಿಯದವರೂ ಇಂತಹ ಬಿಲ್ಲುಗಳಿಗೆ ಹೆಸರಾದವರು. ಮೊಗಲರ ಸೈನ್ಯದಲ್ಲಿಯೂ ಇವು ಇದ್ದವು. ಆ ಕಾಲದ ಕುಶಲಿಗಳು ಮರದ ಪಟ್ಟಿಯ ಒಳಮೈಗೆ ಕೊಂಬನ್ನೂ ಹೊರಮೈಗೆ ಪ್ರಾಣಿಗಳ ಸ್ನಾಯುವಿನ ನಾರನ್ನೂ ಅಂಟಿನಿಂದ ಬೆಸೆಯುತ್ತಿದ್ದರು. ಕೊಂಬು ಒತ್ತಡವನ್ನು ತಡೆಯುವುದು. ನಾರು ಸೆಳೆತವನ್ನು ತಡೆಯುವುದು. ಹೀಗಾಗಿ ಗಿಡ್ಡ ಬಿಲ್ಲಾದರೂ ಅದರ ಬಲ ಹೆಚ್ಚು. ಆದರೆ ಬಿಲ್ಲಿನ ಬಲವೊಂದರಿಂದಲೇ ಬಾಣವು ನೇರ ಹೋಗುವುದಿಲ್ಲ.

ಬಾಣವು ಬಾಗುತ್ತದೆ

ಹಳೆಯ ಮಾದರಿಯ ಬಿಲ್ಲಿನಲ್ಲಿ ಬಾಣವು ಹಿಡಿಯ ನಡುವೆ ಅಲ್ಲ, ಅದರ ಪಕ್ಕದಲ್ಲಿ ಕುಳಿತಿರುತ್ತದೆ. ಬಲಗೈಯ ಬೆರಳುಗಳಿಂದ ಹೆದೆಯನ್ನು ಸೆಳೆಯುವವನ ಬಾಣವು ಹಿಡಿಯ ಎಡಕ್ಕಿರುತ್ತದೆ. ಹೆದೆಯಾದರೋ ಬಿಲ್ಲಿನ ನಡುಗೆರೆಯ ಕಡೆಗೆ ಧಾವಿಸುತ್ತದೆ. ಲೆಕ್ಕದ ಪ್ರಕಾರ ಬಾಣವು ಓರೆಯಾಗಿ ಎಡಕ್ಕೆ ಹೋಗಬೇಕು. ಆದರೂ ಒಳ್ಳೆಯ ಬಾಣವು ನೇರವಾಗಿಯೇ ಹೋಗುತ್ತದೆ! ಅಮೆರಿಕದ ರಾಬರ್ಟ್ ಎಲ್ಮರ್ ಎಂಬವರು 1913ರಲ್ಲಿ ಇದಕ್ಕೆ ‘ಬಿಲ್ಲುಗಾರನ ವಿರೋಧಾಭಾಸ’ ಎಂಬ ಅರ್ಥ ಬರುವ ಹೆಸರನ್ನಿಟ್ಟರು. ಮುಂದೆ ಕ್ಲಾರೆನ್ಸ್ ಹಿಕ್ಮನ್, ಪಾಲ್ ಕ್ಲಾಪ್‌ಸ್ಟೆಗ್ ಮೊದಲಾದ ವಿಜ್ಞಾನಿಗಳು ಅತಿವೇಗದ ಛಾಯಾಚಿತ್ರಗಳ ಸಹಾಯದಿಂದ ಇದರ ಗುಟ್ಟನ್ನು ಬಿಡಿಸಿದರು.

ಗುಟ್ಟು ಇಷ್ಟೇ. ಹೆದೆಯು ಹಿಂದಿನಿಂದ ನೂಕಿದೊಡನೆ ಬಾಣದ ಕಡ್ಡಿಯು ನಡುವಿನಲ್ಲಿ ಬಾಗುತ್ತದೆ. ಮೊದಲು ಬಿಲ್ಲಿನ ಕಡೆಗೆ, ಅನಂತರ ಹೊರಕ್ಕೆ, ಮತ್ತೆ ಒಳಕ್ಕೆ. ನೀರಿನಲ್ಲಿ ಮೀನು ಬಳುಕಿದಂತೆ. ಹೀಗೆ ಬಳುಕುವುದರಿಂದಲೇ ಅದರ ಗರಿಗಳು ಹಿಡಿಗೆ ತಗಲದೆ ದಾಟಿಹೋಗುತ್ತವೆ. ಕಡ್ಡಿಯು ಅತಿ ಪೆಡಸಾದರೆ, ಎಂದರೆ ಸುಲಭವಾಗಿ ಬಾಗದಿದ್ದರೆ, ಬಾಣವು ಎಡಕ್ಕೆ ಹೋಗುವುದು. ಅತಿ ಮೆತುವಾದರೆ ಹೆಚ್ಚಾಗಿ ಬಾಗಿ ಬಲಕ್ಕೆ ಹೋಗುವುದು. ತುರ್ಕರಂತೆ ಹೆಬ್ಬೆರಳಿನಿಂದ ಸೆಳೆಯುವವರು ಬಾಣವನ್ನು ಬಿಲ್ಲಿನ ಬಲಕ್ಕೆ ಇಡುವುದರಿಂದ ಅವರಿಗೆ ಎಡಬಲಗಳು ಅದಲುಬದಲಾಗುತ್ತವೆ.

ಅಳೆಯುವ ಬಗೆ

ಪೆಡಸನ್ನು ಅಳೆಯಲು ದೊಡ್ಡ ಪ್ರಯೋಗಶಾಲೆ ಬೇಕಿಲ್ಲ. ಎರಡು ಆಧಾರಗಳನ್ನು 26 ಅಂಗುಲ, ಅಂದರೆ ಸುಮಾರು 66 ಸೆಂಟಿಮೀಟರು ದೂರದಲ್ಲಿಟ್ಟು ಬಾಣವನ್ನು ಅಡ್ಡಲಾಗಿ ಮಲಗಿಸಿರಿ. ಸರಿಯಾಗಿ ನಡುವಿಗೆ 2 ಪೌಂಡು, ಅಂದರೆ 907 ಗ್ರಾಂ ತೂಕವನ್ನು ತೂಗಹಾಕಿರಿ. ನಡುವು ಎಷ್ಟು ಅಂಗುಲ ಕೆಳಗಿಳಿಯಿತೆಂದು ನೋಡಿರಿ. 26ನ್ನು ಆ ಅಂಗುಲಗಳಿಂದ ಭಾಗಿಸಿದರೆ ಬಾಣದ ಪೆಡಸು ಪೌಂಡುಗಳಲ್ಲಿ ದೊರೆಯುತ್ತದೆ. ಮರದ ಬಾಣ ಮಾಡುವವರ ಹಳೆಯ ಸೂತ್ರವಿದು. ಈ ಸಂಖ್ಯೆಯು ಬಿಲ್ಲಿನ ಸೆಳೆತದ ಪೌಂಡುಗಳಿಗೆ ಸುಮಾರಾಗಿ ಹೊಂದಬೇಕು. (ಇಂದಿನ ಕಾರ್ಬನ್ ಬಾಣಗಳ ಕ್ರಮ ಬೇರೆ. ಅವುಗಳ ಮೇಲೆ 500 ಎಂದಿದ್ದರೆ, 28 ಅಂಗುಲದ ಅಂತರದಲ್ಲಿ 880 ಗ್ರಾಂ ತೂಕಕ್ಕೆ ಅರ್ಧ ಅಂಗುಲ ಬಾಗುವುದೆಂದು ಅರ್ಥ. ಅಲ್ಲಿ ಸಂಖ್ಯೆ ಹೆಚ್ಚಿದಷ್ಟೂ ಬಾಣವು ಮೆತು.)

ಆ ಹುಡುಗನೂ ನಾನೂ ಸೇರಿ ಅಳೆದೆವು. ನಮ್ಮ ಬಾಣದ ನಡುವು 0.65 ಅಂಗುಲ ಮಾತ್ರ ಇಳಿಯಿತು. 26 ÷ 0.65 = 40 ಪೌಂಡು. ಬಿಲ್ಲಿನ ಹೆದೆಗೆ ಸ್ಪ್ರಿಂಗ್ ತಕ್ಕಡಿಯನ್ನು ಸಿಕ್ಕಿಸಿ ಅವನು ಸೆಳೆಯುವಷ್ಟು ಸೆಳೆದಾಗ 26 ಪೌಂಡು ತೋರಿತು. ಬಾಣಗಳು ಬಲಿಷ್ಠರ ದೊಡ್ಡ ಬಿಲ್ಲಿಗೆ ಮಾಡಿದವು, ಬಿಲ್ಲು ಬಾಲಕರದು. ದೋಷವು ಹುಡುಗನಲ್ಲಿರಲಿಲ್ಲ.

ಸರಿಪಡಿಸುವ ಉಪಾಯ

ದುಂಡಗಿನ ಕಡ್ಡಿಯ ಪೆಡಸು ಅದರ ದಪ್ಪದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ನಮ್ಮ ಕಡ್ಡಿಯ ದಪ್ಪ ಅಂಗುಲದ 32ರಲ್ಲಿ 10 ಪಾಲು. ಅದನ್ನು 9 ಪಾಲಿಗೆ ಇಳಿಸಿದರೆ ದಪ್ಪ ಹತ್ತರಲ್ಲಿ ಒಂದಂಶ ಕಡಿಮೆಯಾಗುವುದು. ಆದರೆ ಪೆಡಸು 0.9 × 0.9 × 0.9 × 0.9, ಅಂದರೆ 0.656ರಷ್ಟಾಗುವುದು. 40 ಪೌಂಡು ಸುಮಾರು 26 ಆಗುವುದು. ನಮಗೆ ಬೇಕಾದುದೂ ಅಷ್ಟೇ! ಮಿಲಿಮೀಟರಿಗಿಂತ ಕಡಿಮೆ ಮರವನ್ನು ಉಜ್ಜಿ ತೆಗೆದರೆ ಇಷ್ಟು ವ್ಯತ್ಯಾಸವಾಗುವುದೆಂದು ತರಗತಿಯಲ್ಲಿ ಹೇಳಿದಾಗ ಮಕ್ಕಳು ನಂಬಲಿಲ್ಲ.

ಗರಿಗಳನ್ನು ಬಿಡಿಸಿ, ಮರಳುಕಾಗದದಿಂದ ಸುತ್ತಲೂ ಸಮನಾಗಿ ಉಜ್ಜಿ, ಆಗಾಗ ಅಳೆದು, ಮತ್ತೆ ಗರಿ ಅಂಟಿಸಿದೆವು. ಮೊದಲು ಮೂರು ಬಾಣಗಳನ್ನು ಮಾತ್ರ ಹೀಗೆ ಮಾಡಿದೆವು. ಎರಡು ಗುರಿಯ ನಡುವಿನ ವೃತ್ತಕ್ಕೆ ಬಂದವು. ಅವಸರದಿಂದ ಹೆಚ್ಚು ಉಜ್ಜಿದ ಮೂರನೆಯದು ಬಲಕ್ಕೆ ಹೋಯಿತು. ಉಜ್ಜಿದ ಮರವನ್ನು ಮರಳಿ ಅಂಟಿಸುವಂತಿಲ್ಲವೆಂಬುದನ್ನು ಅದು ಕಲಿಸಿತು.

ಉಜ್ಜದೆಯೂ ಪೆಡಸನ್ನು ಸ್ವಲ್ಪ ತಗ್ಗಿಸಬಹುದು: ಮೊನೆಯ ತೂಕವನ್ನು ಹೆಚ್ಚಿಸಿದರೆ ಬಾಣವು ಬಿಡುವಾಗ ಹೆಚ್ಚು ಬಾಗುತ್ತದೆ, ಉದ್ದವಾದ ಬಾಣವೂ ಹಾಗೆಯೇ. ಮೆತುವಾದ ಬಾಣಕ್ಕೆ ಇದರ ಪ್ರತಿಯಾಗಿ ಮೊನೆಯನ್ನು ಹಗುರಗೊಳಿಸಬೇಕು, ಇಲ್ಲವೆ ಕಡ್ಡಿಯನ್ನು ಗಿಡ್ಡಗೊಳಿಸಬೇಕು. ಆದರೆ ಸೆಳೆತದ ಉದ್ದಕ್ಕಿಂತ ಬಾಣವು ಗಿಡ್ಡವಾದರೆ ಕೈಗೆ ಅಪಾಯ. ಬಿರುಕುಬಿಟ್ಟ ಬಾಣವನ್ನು ಎಂದಿಗೂ ಹೂಡಬಾರದು. ಬಾಣವಿಲ್ಲದೆ ಹೆದೆಯನ್ನು ಸೆಳೆದು ಬಿಡಬಾರದು. ಉಪಾಧ್ಯಾಯರು ಎದುರಿಗಿಲ್ಲದೆ ಬಿಲ್ಲನ್ನು ಮುಟ್ಟಲೇಬಾರದು.

ಪೋಷಕರಲ್ಲಿ ಒಂದು ಮಾತು

ಎಲ್ಲರೆದುರು ಗದರಿದ್ದ ನಾನು ಎಲ್ಲರೆದುರಿಗೇ ಆ ಹುಡುಗನಿಗೆ “ತಪ್ಪು ನನ್ನದು” ಎಂದೆ. ಹಾಗೆ ಹೇಳುವುದು ಸುಲಭವಾಗಿರಲಿಲ್ಲ. ಆದರೆ ಅಂದಿನಿಂದ ಹಿಂದಿನ ಬೆಂಚಿನ ಮಕ್ಕಳೂ ಪ್ರಶ್ನೆ ಕೇಳಲು ತೊಡಗಿದರು.

ಅಲಕ್ಷ್ಯದಿಂದ ಆಗುವ ತಪ್ಪು ದಿನಕ್ಕೊಂದು ಬಗೆಯದು. ಒಂದೇ ಬಗೆಯಲ್ಲಿ ಮತ್ತೆ ಮತ್ತೆ ಆಗುವ ತಪ್ಪಿಗೆ ಒಂದು ಕಾರಣವಿರುತ್ತದೆ. ಹಲಗೆಯ ಮೇಲಿನ ಅಂಕಿಗಳನ್ನು ಸದಾ ತಪ್ಪಾಗಿ ಬರೆದುಕೊಳ್ಳುವ ಮಗುವಿಗೆ ಕನ್ನಡಕ ಬೇಕಾಗಿರಬಹುದು. ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಪುಸ್ತಕದಲ್ಲಿ ಕನ್ನಡ ಎಂದಿರುವ ನಮ್ಮ ಕಾಸರಗೋಡಿನ ಮಗುವು ಒಂದೇ ಪ್ರತ್ಯಯದಲ್ಲಿ ಎಡವುತ್ತಿದ್ದರೆ ಅದು ದಡ್ಡತನವೆಂದು ತಿಳಿಯಬಾರದು. ಗದರುವ ಮೊದಲು ಅಳೆದು ನೋಡೋಣ. ಹೆಚ್ಚು ಉಜ್ಜದಂತೆಯೂ ಎಚ್ಚರವಿರಲಿ.

ಅಭ್ಯಾಸ

1. ಒಂದು ಬಾಣವು ಮೇಲಿನ ಪ್ರಯೋಗದಲ್ಲಿ 0.8 ಅಂಗುಲ ಬಾಗಿತು. ಅದರ ಪೆಡಸೆಷ್ಟು? (ಉತ್ತರ: 32.5 ಪೌಂಡು)

2. ಕಡ್ಡಿಯ ದಪ್ಪವು ಹತ್ತರಲ್ಲಿ ಒಂದಂಶ ಹೆಚ್ಚಾದರೆ ಪೆಡಸು ಎಷ್ಟು ಪಟ್ಟಾಗುವುದು? (ಉತ್ತರ: ಸುಮಾರು 1.46)