ಮೊದಲು ಮ್ಯಾಗಜಿನ್, ಆಮೇಲೆ ಕಾಕ್

ತಮ್ಮಾ, ಮಕ್ತಲ್‌ನಿಂದ ಪೊಲೀಸ್ ಟ್ರೇನಿಂಗಿಗೆ ಹೊಂಟೀದಿ. ಅಲ್ಲಿ ನಿನ್ನ ಕೈಗೆ ಸೆಲ್ಫ್ ಲೋಡಿಂಗ್ ರೈಫಲ್, ಅಂದರೆ ಎಸ್‌ಎಲ್‌ಆರ್ ಬಂದರೆ ಹಳೇ ಬಂದೂಕು ಅಂತ ಮುಖ ಸಣ್ಣ ಮಾಡಬೇಡ.

1962ರ ಚೀನಾ ಯುದ್ಧದಾಗ ನಮ್ಮ ಜವಾನರು ಹಿಡಿದದ್ದು ತ್ರೀ ನಾಟ್ ತ್ರೀ. ಒಂದೊಂದು ಗುಂಡಿಗೂ ಬೋಲ್ಟ್ ಎಳೆದು ನೂಕಬೇಕು. ಆ ಪೆಟ್ಟು ತಿಂದ ಮೇಲೆ ಬಂಗಾಳದ ಇಷಾಪುರ ಕಾರ್ಖಾನೆಯಿಂದ 1ಎ1 ಎಸ್‌ಎಲ್‌ಆರ್ ಬಂತು. ಅದರ ಮೂಲ ಬೆಲ್ಜಿಯಂನ ಎಫ್‌ಎನ್ ಕಂಪನಿಯ ಎಫ್‌ಎಎಲ್. ಅದೇ ಮೂಲದ ಬಂದೂಕನ್ನು ಇಂಗ್ಲೆಂಡಿನವರು ಎಲ್1ಎ1 ಅಂತ ಮಾಡಿಕೊಂಡರು. ಮರಳು ಸಿಕ್ಕಿ ಜಾಮ್ ಆಗದಿರಲೆಂದು ಬೋಲ್ಟ್ ಕ್ಯಾರಿಯರ್ ಮೇಲೆ ಗೀರು ಕೊರೆಸಿದರು. ನಮ್ಮಲ್ಲೇ 1ಸಿ ಅಂತ ಇನ್ನೊಂದುಂಟು, ಸೇನೆಯ ಬಿಎಂಪಿ ಯುದ್ಧಗಾಡಿಯ ಕಿಂಡಿಯಿಂದ ಹೊಡೆಯಲು ಮಾಡಿದ್ದು, ಪೂರ್ತಿ ಆಟೊಮ್ಯಾಟಿಕ್. ನಿನಗೆ ಸಿಗೋದು ಕುದುರೆ ಒತ್ತಿದಷ್ಟು ಸಲ ಮಾತ್ರ ಹಾರುವಂಥದ್ದು.

ಒಳಗೇನಾಗ್ತದೆ ಅಂತ ತಿಳಕೋ. ಗುಂಡು ನಳಿಗೆ ದಾಟುವಾಗ ಸ್ವಲ್ಪ ಗ್ಯಾಸ್ ಮೇಲಿನ ತೂತಿನಿಂದ ನುಗ್ಗಿ ಪಿಸ್ಟನ್ ಹಿಂದಕ್ಕೆ ತಳ್ಳತದೆ. ಬೋಲ್ಟ್ ಸರಿದು ಖಾಲಿ ಕೇಸ್ ಹೊರಗೆ ಒಗೀತದೆ. ಬಟ್‌ನೊಳಗಿನ ಸ್ಪ್ರಿಂಗ್ ಅದನ್ನು ಮುಂದೆ ದಬ್ಬಿದಾಗ 20 ಗುಂಡಿನ ಮ್ಯಾಗಜಿನ್‌ನಿಂದ ಹೊಸದು ಚೇಂಬರಿಗೆ ಕೂಡತದೆ. ಗ್ಯಾಸ್ ಕಡಿಮೆಯಾದರೆ ಬೋಲ್ಟ್ ಅರ್ಧಕ್ಕೇ ನಿಲ್ತದೆ, ಹೆಚ್ಚಾದರೆ ಬಂದೂಕು ಸವೀತದೆ. ಅದಕ್ಕೇ ಗ್ಯಾಸ್ ರೆಗ್ಯುಲೇಟರ್ ಇಟ್ಟಾರ. ಚಿಂದಿ ಹಾಕಿ ನಳಿಗೆ ಒರೆಸಿದರೆ ಸಾಲದು, ಪಿಸ್ಟನ್‌ನ ಮಸಿಯನ್ನೂ ತೆಗಿ.

ಈಗ ನಾನು ಹೇಳಬೇಕಂದದ್ದು ಕೇಳು. ತ್ರೀ ನಾಟ್ ತ್ರೀಯಲ್ಲಿ ಮುಂದಿನ ಗುಂಡು ನಿನ್ನ ಕೈಯಿಂದಲೇ ಒಳಗೆ ಹೋಗತಿತ್ತು. ಎಸ್‌ಎಲ್‌ಆರ್ ಒಂದು ಹೊಡೆದ ಕ್ಷಣಕ್ಕೇ ಇನ್ನೊಂದಕ್ಕೆ ತಯಾರು ನಿಂತಿರತದೆ, ನಿನ್ನ ಕೇಳೋದಿಲ್ಲ. ಅದರ 7.62 ಗುಂಡು ಒಬ್ಬನ ಮೈಯಲ್ಲೇ ನಿಲ್ಲೋದೂ ಇಲ್ಲ. ನಾರಾಯಣಪೇಟೆಯ ಬಜಾರದಾಗ, ಗದ್ವಾಲ್ ಕೋಟೆ ಮುಂದಿನ ಜನಸಂದಣಿಯೊಳಗ ಬಂದೋಬಸ್ತಿಗೆ ನಿಂತಾಗ ಇದು ಎದೆಯಾಗಿರಲಿ. ಗುರಿಯ ಹಿಂದೆ ಯಾರಿದ್ದಾರೆ ಅನ್ನೋದು ಗುರಿಯಷ್ಟೇ ಮುಖ್ಯ.

ಡ್ಯೂಟಿ ಮುಗಿಸಿ ಕೋತ್‌ಗೆ ಅಂದರೆ ಆಯುಧದ ಕೋಣೆಗೆ ಬಂದೂಕು ಒಪ್ಪಿಸುವಾಗ ಮೊದಲು ಮ್ಯಾಗಜಿನ್ ತೆಗಿ, ಆಮೇಲೆ ಎಡಗೈಯಿಂದ ಹಿಡಿ ಹಿಂದಕ್ಕೆ ಎಳೆದು ಕಾಕ್ ಮಾಡು. ತಿರುವುಮುರುವು ಮಾಡಿದಿಯೋ, ಒಳಗಿದ್ದದ್ದು ಹೊರಗೆ ಬಿದ್ದು ಮತ್ತೊಂದು ಚೇಂಬರಿಗೆ ಹೋಗಿ ಕೂಡತದೆ; ನೀನು ಮಾತ್ರ ಖಾಲಿ ಅಂತ ತಿಳಕೊಂಡಿರತಿ. ನಳಿಗೆ ಮನುಷ್ಯರಿಲ್ಲದ ಕಡೆ ಇರಲಿ, ಬೆರಳು ಕುದುರೆಯಿಂದ ದೂರ ಇರಲಿ. ಹಿಂದೆ ಸಾಲಿನಲ್ಲಿ ನಿಂತವರು ಲಗು ಲಗು ಅಂದರೂ ಚೇಂಬರ್ ಇಣುಕಿ ನೋಡು. ಕತ್ತಲಿದ್ದರೆ ಕಿರುಬೆರಳು ಹಾಕಿ ಮುಟ್ಟಿ ನೋಡು.