ಚಲನ್ ಬಂದಾಗ ದಿನ ಎಣಿಸುವ ಬಗೆ

ತೋಟದ ಜೀಪು, ಪಿಕಪ್ಪು, ಮನೆಯ ಮೋಟಾರ್ ಸೈಕಲ್ಲು ಇವುಗಳ ಮೇಲೆ ದಂಡದ ಚಲನ್ ಬಂದಿದೆಯೆಂದು ಸಂಘದ ಕಛೇರಿಗೆ ಬರುವ ಸದಸ್ಯರ ಸಂಖ್ಯೆ ಈಚೆಗೆ ಹೆಚ್ಚಿದೆ. ಬಂದವರಲ್ಲಿ ಹೆಚ್ಚಿನವರು ದಂಡ ಎಷ್ಟೆಂದು ಕೇಳುತ್ತಾರೆ. ಎಷ್ಟು ದಿನದೊಳಗೆ ಉತ್ತರಿಸಬೇಕೆಂದು ಕೇಳುವವರು ವಿರಳ. ನಮ್ಮ ಮಟ್ಟಿಗೆ ಎರಡನೆಯದೇ ಮುಖ್ಯ ಪ್ರಶ್ನೆ.

ಕೇಂದ್ರ ಮೋಟಾರು ವಾಹನ ನಿಯಮಗಳ 167ನೇ ನಿಯಮವು 2026ರ ಜನವರಿಯಲ್ಲಿ ತಿದ್ದುಪಡಿಯಾಗಿದೆ. ಅದರಂತೆ ಚಲನ್ ಫೋನಿನ ಮೂಲಕವಾದರೆ 3 ದಿನದೊಳಗೆ, ಕಾಗದದಲ್ಲಾದರೆ 15 ದಿನದೊಳಗೆ ತಲುಪಬೇಕು. ಅನಂತರ ನಮಗಿರುವುದು 45 ದಿನ. ಅಷ್ಟರೊಳಗೆ ಹಣ ಕಟ್ಟಬೇಕು, ಇಲ್ಲವೇ ದಾಖಲೆ ಸಹಿತ ತಕರಾರು ಸಲ್ಲಿಸಬೇಕು. ಎರಡೂ ಮಾಡದೆ ಸುಮ್ಮನಿದ್ದರೆ ತಪ್ಪನ್ನು ಒಪ್ಪಿಕೊಂಡಂತೆಯೇ ಲೆಕ್ಕ. ಚಲನ್ ಮೇಲಿರುವ ತಾರೀಖಿನಿಂದಲೇ ದಿನ ಎಣಿಸಿಕೊಂಡರೆ ಮೋಸವಿಲ್ಲ. ಫೋನು ನೋಡಿದ ದಿನದಿಂದ ಎಣಿಸುವ ಅಭ್ಯಾಸ ಬೇಡ.

ತೊಡಕಿರುವುದು ಇಲ್ಲಿಯೇ. ಸಂದೇಶ ಹೋಗುವುದು ನೋಂದಣಿ ಪುಸ್ತಕದಲ್ಲಿರುವ ನಂಬರಿಗೆ. ನಮ್ಮ ಸದಸ್ಯರ ಎಷ್ಟೋ ವಾಹನಗಳು ಬೆಂಗಳೂರಿನಲ್ಲಿರುವ ಮಗನ ವಿಳಾಸದಲ್ಲಿವೆ, ಇಲ್ಲವೇ ಹತ್ತು ವರ್ಷದ ಹಿಂದೆ ಕೈಬಿಟ್ಟ ಸಿಮ್ಮಿನ ನಂಬರಿನಲ್ಲಿವೆ. ಮೋಟಾರು ವಾಹನ ಕಾಯ್ದೆಯ 49ನೇ ಕಲಮಿನಂತೆ ವಿಳಾಸ ಬದಲಾದರೆ 30 ದಿನದೊಳಗೆ ತಿಳಿಸಬೇಕು. ಈ ಕೆಲಸವಾಗದಿದ್ದರೆ ಉಳಿದ ಯಾವ ಗಡುವೂ ನಮ್ಮ ಕಣ್ಣಿಗೇ ಬೀಳದು.

ಮಾರಿದ ಜೀಪಿನ ಕಥೆ ಇದಕ್ಕಿಂತ ಕಷ್ಟದ್ದು. ಹಣ ಎಣಿಸಿಕೊಂಡು, ಬೀಗದ ಕೈ ಕೊಟ್ಟು, ಸಹಿ ಮಾಡಿದ ಫಾರಂಗಳನ್ನು ಕೊಂಡವನ ಕೈಗಿತ್ತರೆ ವ್ಯವಹಾರ ಮುಗಿಯಿತೆಂದು ನಂಬಿದವರು ನಮ್ಮಲ್ಲಿ ಬಹಳ. 50ನೇ ಕಲಮಿನಂತೆ ರಾಜ್ಯದೊಳಗೆ ಮಾರಿದವನು 14 ದಿನದೊಳಗೆ, ಕೊಂಡವನು 30 ದಿನದೊಳಗೆ ನೋಂದಣಾಧಿಕಾರಿಗೆ ವರದಿ ಮಾಡಬೇಕು. ಕೊಂಡವನು ಮಾಡಿಯಾನು ಎಂದು ಕಾಯಬಾರದು; ಮಾರಿದವನ ವರದಿ ಬೇರೆಯೇ. ಹೆಸರು ವರ್ಗವಾಗುವವರೆಗೆ ಪುಸ್ತಕದಲ್ಲಿರುವವನೇ ಮಾಲೀಕನೆಂದು ಅಪಘಾತ ಪರಿಹಾರದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. ಸಿಗ್ನಲ್ ದಾಟಿದ್ದಕ್ಕೆ ಬರುವ ದಂಡ ಸಣ್ಣದು. ಆ ಜೀಪು ಯಾರಿಗಾದರೂ ಗುದ್ದಿದರೆ, ಅದಕ್ಕೆ ವಿಮೆಯೂ ಇಲ್ಲದಿದ್ದರೆ, ತೋಟವೇ ಅಡವಾಗುವ ಮಾತು.

ದಾರಿಯಲ್ಲಿ ತಡೆದಾಗ ಕಾಗದ ಕೈಲಿಲ್ಲದಿದ್ದರೆ 139ನೇ ನಿಯಮವು 15 ದಿನದ ಅವಕಾಶ ಕೊಡುತ್ತದೆ. ದೃಢೀಕರಿಸಿದ ಪ್ರತಿಯನ್ನು ಸ್ವತಃ ಒಯ್ಯಬಹುದು, ಇಲ್ಲವೇ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಬಹುದು. 2018ರಿಂದ ಡಿಜಿಲಾಕರಿನಲ್ಲಿರುವ ದಾಖಲೆಗೂ ಮಾನ್ಯತೆಯುಂಟು. ಘಾಟಿಯ ತಿರುವಿನಲ್ಲಿ ಸಿಗ್ನಲ್ ಸಿಗಬೇಕಲ್ಲ, ಅದು ಬೇರೆ ಮಾತು. ಕಾಗದದ ಪ್ರತಿಯೊಂದು ವಾಹನದಲ್ಲಿರಲಿ.

ಆರು ತಿಂಗಳು ಸುಮ್ಮನಿದ್ದರೆ ಕೇಸು ತಾನಾಗಿ ಬಿದ್ದುಹೋಗುವುದೆಂಬ ಮಾತು ಸಂತೆಯಲ್ಲಿ ಓಡಾಡುತ್ತಿದೆ. ಅರ್ಧ ಸತ್ಯ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 514ನೇ ಕಲಮು, ಬರಿಯ ದಂಡದ ಅಪರಾಧಕ್ಕೆ ಆರು ತಿಂಗಳು, ಒಂದು ವರ್ಷದವರೆಗೆ ಸಜೆಯಿರುವ ಅಪರಾಧಕ್ಕೆ ಒಂದು ವರ್ಷ ಕಳೆದ ಮೇಲೆ ನ್ಯಾಯಾಲಯವು ವಿಚಾರಣೆಗೆ ತೆಗೆದುಕೊಳ್ಳಬಾರದೆಂದು ಹೇಳುತ್ತದೆ. ಕುಡಿದು ಓಡಿಸುವುದು, ಅಪಾಯಕರವಾಗಿ ಓಡಿಸುವುದು ಎರಡನೆಯ ಗುಂಪಿನವು. ನ್ಯಾಯಾಲಯಕ್ಕೆ ಪ್ರಕರಣ ಹೋದಮೇಲೆ ಈ ಲೆಕ್ಕ ಉಪಯೋಗಕ್ಕೆ ಬಾರದು. ತಕ್ಕ ಕಾರಣವಿದ್ದರೆ ನ್ಯಾಯಾಲಯವು ಅವಧಿ ಮೀರಿದ್ದನ್ನೂ ಮನ್ನಿಸಬಹುದು. ಇದನ್ನು ನಂಬಿ ಕೂರುವುದು ಜಾಣತನವಲ್ಲ.

ಅರ್ಧ ರಿಯಾಯಿತಿ ಬರಲಿ ಎಂದು ಕಾಯುವವರೂ ಉಂಟು. 2023ರ ಫೆಬ್ರವರಿಯಲ್ಲಿಯೂ 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೂ ರಾಜ್ಯ ಸರ್ಕಾರ ಬಾಕಿ ದಂಡಕ್ಕೆ ಶೇಕಡಾ 50ರ ರಿಯಾಯಿತಿ ಕೊಟ್ಟದ್ದು ನಿಜ. ಆದರೆ ಕೊಯ್ಲಿನ ನಡುವೆ ಪಿಕಪ್ಪಿನ ಎಫ್.ಸಿ. ಮುಗಿದು, ಬಾಕಿ ಚಲನ್ನಿನಿಂದ ನವೀಕರಣ ನಿಂತರೆ, ಕಾಫಿ ಮೂಟೆ ಕ್ಯೂರಿಂಗಿಗೆ ಹೋಗುವುದು ಹೇಗೆ?

ವಾಹನವನ್ನು ಬೇರೆಯವರು ಓಡಿಸುತ್ತಿದ್ದರೆ, ಅಧಿಕಾರಿ ಕೇಳಿದಾಗ ಅವರ ಹೆಸರು, ವಿಳಾಸ, ಲೈಸೆನ್ಸಿನ ವಿವರ ಕೊಡುವುದು 133ನೇ ಕಲಮಿನಂತೆ ಮಾಲೀಕನ ಹೊಣೆ. ಯಾವ ದಿನ ಯಾರು ಓಡಿಸಿದರೆಂದು ಒಂದು ಪುಸ್ತಕದಲ್ಲಿ ಬರೆದಿಡುವ ಸದಸ್ಯರಿಗೆ ಇದು ಐದು ನಿಮಿಷದ ಕೆಲಸ. ನೋಂದಣಿ ಪುಸ್ತಕದ ಪ್ರತಿ ಹಾಗೂ ಚಲನ್ ತಂದರೆ, ತಾರೀಖು ಎಣಿಸಿ ತಕರಾರು ಅರ್ಜಿ ಬರೆಯಲು ಕಛೇರಿಯಲ್ಲಿ ಪ್ರತಿ ಗುರುವಾರ ಮಧ್ಯಾಹ್ನ ನಾವು ಸಿಗುತ್ತೇವೆ.